ಬೇರೆಯವರ ಗಿರಾಕಿ

ಶಿವಮೊಗ್ಗದ ಒಂದು ಕಾರ್ ಶೋರೂಮಿನ ಸರ್ವಿಸ್ ಕೌಂಟರ್. ಕಾರು ಕೊಂಡದ್ದು ಬೆಂಗಳೂರಿನಲ್ಲಿ, ಏಸಿ ಕೈಕೊಟ್ಟದ್ದು ಇಲ್ಲಿ.

"ಬನ್ನಿ ಸರ್, ಕೂತ್ಕೊಳ್ಳಿ. ಕಾಫಿನಾ, ಟೀನಾ?"

"ಅದನ್ನೂ ಬಿಲ್ಲಿಗೆ ಸೇರಿಸ್ತೀರಾ?"

"ಛೇ, ಇಲ್ಲ. ಕಂಪ್ರೆಸರ್ ಹೋಗಿದೆ. ವಾರಂಟೀಲಿ ಬದಲಾಯಿಸ್ತೀವಿ, ದುಡ್ಡಿಲ್ಲ."

"ತಡೀರಿ ಸ್ವಾಮಿ, ನಾನು ನಿಮ್ಮ ಹತ್ರ ಕೊಂಡಿಲ್ಲ!"

"ಗೊತ್ತು ಸರ್. ವಾರಂಟಿ ಕಂಪನೀದು, ಡೀಲರ್‌ದಲ್ಲ. ಪಾರ್ಟು, ಕೂಲಿ ಎರಡರ ದುಡ್ಡನ್ನೂ ಕಂಪನೀನೇ ನಮಗೆ ಕೊಡುತ್ತೆ."

"ಕೊಂಡ ಕಡೆ 'ನೀವು ಏಸಿ ಹಾಕೋ ರೀತೀನೇ ಸರಿಯಿಲ್ಲ' ಅಂದಿದ್ರು."

"ಮಾರಿದ ಮೇಲೆ ಹಾಗನ್ಸುತ್ತೆ ಸರ್."

(ನಮ್ಮ ಜನಕ್ಕೆ ಗದರಿಕೆ ಸಲೀಸಾಗಿ ಜೀರ್ಣವಾಗುತ್ತದೆ. ಮರ್ಯಾದೆ ಕೊಟ್ಟರೆ ಮಾತ್ರ ಬೆವರುತ್ತಾರೆ.)

"ಇಂಜಿನ್ ಫ್ಲಶಿಂಗು, ಟೆಫ್ಲಾನ್ ಕೋಟಿಂಗು... ಏನೂ ತಲೆಗೆ ಕಟ್ಟಲ್ವಾ?"

"ಬೇಡ ಸರ್. ಅಲೈನ್‌ಮೆಂಟೂ ಸರಿಯಾಗೇ ಇದೆ."

"ಹಳೇ ಪಾರ್ಟು ಕೊಡ್ತೀರಾ?"

"ತೋರಿಸ್ತೀನಿ. ವಾರಂಟೀದು, ಕಂಪನಿ ಲೆಕ್ಕಕ್ಕೆ ಹೋಗ್ಬೇಕು."

"ಅಲ್ಲಾ, ಇಷ್ಟು ಒಳ್ಳೇತನ ಯಾಕ್ರೀ?"

"ನೀವಿನ್ನೂ ನಮ್ಮ ಗಿರಾಕಿ ಆಗಿಲ್ವಲ್ಲ ಸರ್! ಮುಂದಿನ ಕಾರು ನಮ್ಮಲ್ಲೇ ತಗೊಳ್ಳಿ."

"ತಗೋತೀನಿ. ಆಮೇಲೆ ಸರ್ವಿಸ್?"

ಹುಡುಗ ಸುತ್ತ ನೋಡಿ ದನಿ ತಗ್ಗಿಸಿದ.

"ಅದಕ್ಕೆ ದಾವಣಗೆರೆಗೆ ಹೋಗಿ ಸರ್. ಅಲ್ಲಿ ತುಂಬಾ ಚೆನ್ನಾಗಿ ನೋಡ್ಕೋತಾರೆ."