ವಾಪಸಾತಿಯ ಸ್ಮೃತಿಕಾರ

ಸ್ಮೃತಿಗಳನ್ನು ರಚಿಸುವ ಅಧಿಕಾರವು ಋಷಿಗಳ ಕಾಲಕ್ಕೇ ಮುಗಿದುಹೋಯಿತೆಂದು ನಂಬಿಕೊಂಡಿರುವ ಮಹನೀಯರು, ಗದ್ವಾಲದಿಂದ ಐಜದ ಕಡೆಗೆ ಸಾಗುವ ಹಾದಿಯಲ್ಲಿರುವ ಮಲ್ದಕಲ್ಲಿಗೆ ಒಮ್ಮೆ ದಯಮಾಡಿಸಿ, ಸ್ವಯಂಭೂ ತಿಮ್ಮಪ್ಪನ ದರ್ಶನವನ್ನು ಮುಗಿಸಿಕೊಂಡು, ಅಂತರ್ಜಾಲದಲ್ಲಿ ಸೀರೆ ಮಾರುವ ಸಾಹುಕಾರನ ಪಡಸಾಲೆಯಲ್ಲಿ ಅರ್ಧ ತಾಸು ಕುಳಿತು ಬರಬೇಕು. ಈತನು ಒಬ್ಬನೇ ಒಬ್ಬನೆಂದು ಭಾವಿಸಬೇಕಾಗಿಲ್ಲ; ಗದ್ವಾಲ, ಐಜ, ನಾರಾಯಣಪೇಟೆ, ಮಖ್ತಲ್‌ಗಳಲ್ಲೆಲ್ಲ ಈ ವರ್ಗದ ಪುರುಷನು ಈಚೆಗೆ ಸುಲಭವಾಗಿ ಗೋಚರಿಸುವನು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ತೆಲುಗು, ಚೌಕಾಸಿಯಲ್ಲಿ ಉರ್ದು. ವಾಪಸಾತಿಯ ನಿಬಂಧನೆಗಳನ್ನು ಬರೆಯುವಾಗ ಮಾತ್ರ ಇಂಗ್ಲಿಷು.

ಆ ಇಂಗ್ಲಿಷು ಸ್ವಂತದ್ದಲ್ಲ. ಅಂಗಡಿಯನ್ನು ತೆರೆದ ದಿನ, ನಿಬಂಧನೆಗಳೆಂಬ ಖಾಲಿ ಚೌಕವನ್ನು ತುಂಬದೆ ಮುಂದಕ್ಕೆ ಹೋಗಲು ಮೊಬೈಲು ಒಪ್ಪದಿದ್ದಾಗ, ಪಕ್ಕದ ಮನೆಯ ಡಿಗ್ರಿ ಓದುವ ಹುಡುಗನು ಯಾವುದೋ ಪರದೇಶದ ಪಾದರಕ್ಷೆಯ ಅಂಗಡಿಯ ಪಾಠವನ್ನು ಸಮೂಲವಾಗಿ ಎತ್ತಿ ತಂದು ಅಲ್ಲಿ ಇಳಿಸಿದನು. ಅದರ ಫಲವಾಗಿ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಕೂಡಿಸಿ ನೇಯ್ದ ಸಾಕ್ಷಾತ್ ಗದ್ವಾಲ ಸೀರೆಯನ್ನು ಹಿಂತಿರುಗಿಸಬಯಸುವ ಗೃಹಿಣಿಯು, ಅದರ ಅಟ್ಟೆಯು ಸವೆದಿಲ್ಲವೆಂದು ಮೊದಲು ದೃಢಪಡಿಸತಕ್ಕದ್ದೆಂದೂ, ತಂಟೆ ತಕರಾರುಗಳೇನಾದರೂ ಉದ್ಭವಿಸಿದಲ್ಲಿ ಅವು ಕ್ಯಾಲಿಫೋರ್ನಿಯಾ ರಾಜ್ಯದ ನ್ಯಾಯಾಲಯಗಳಲ್ಲಿಯೇ ಇತ್ಯರ್ಥವಾಗತಕ್ಕದ್ದೆಂದೂ ವಿಧಿಸಲ್ಪಟ್ಟಿತು. ಹೀಗೆ ಬಹುಕಾಲ ಮಲ್ದಕಲ್ಲಿನ ವ್ಯಾಪಾರವು ಕ್ಯಾಲಿಫೋರ್ನಿಯಾದ ಛತ್ರಚ್ಛಾಯೆಯಲ್ಲಿ ನಡೆಯಿತು. ಯಾರೂ ಆಕ್ಷೇಪಿಸಲಿಲ್ಲ, ಯಾರೂ ಓದಿರಲಿಲ್ಲ.

ಮೊದಲನೆಯ ಸೀರೆಯು ತಿರುಗಿ ಬಂದ ದಿನವೇ ಆತನಲ್ಲಿ ಸ್ಮೃತಿಕಾರನು ಅವತರಿಸಿದನು. ಅಂದಿನಿಂದ ಆತನ ಒಂದೊಂದು ಕಲಮಿನ ಹಿಂದೆಯೂ ತಿರುಗಿ ಬಂದ ಒಂದೊಂದು ಸೀರೆಯ ಚರಿತ್ರೆ ಅಡಗಿದೆ. ಆ ಚರಿತ್ರೆಯನ್ನು ಬಲ್ಲವರಿಗೆ ಮಾತ್ರವೇ ಆ ವಾಕ್ಯಗಳ ಗಾಂಭೀರ್ಯವು ಅರ್ಥವಾದೀತು. “ಮಡಿಕೆಗಳಲ್ಲಿ ಅಕ್ಷತೆ ದೊರೆತಲ್ಲಿ ಹಣವು ಹಿಂತಿರುಗದು” ಎಂಬ ನಾಲ್ಕನೆಯ ಕಲಮು, ಮದುವೆಯೊಂದರಲ್ಲಿ ಮುಹೂರ್ತದಿಂದ ಊಟದವರೆಗೆ ಸಮಸ್ತ ಕಾರ್ಯಗಳಲ್ಲಿಯೂ ಭಾಗವಹಿಸಿ, ಮಾರನೆಯ ದಿನ “ಗಾತ್ರ ಸರಿಹೊಂದಲಿಲ್ಲ” ಎಂಬ ಕಾರಣದೊಡನೆ ಮರಳಿ ಬಂದ ಸೀರೆಯ ಸ್ಮಾರಕ. ಸೀರೆಗೆ ಗಾತ್ರವೆಲ್ಲಿಯದೆಂದು ಆತನು ಕೇಳಿದ ಪ್ರಶ್ನೆಗೆ ಕಂಪ್ಯೂಟರು ಉತ್ತರ ಕೊಡಲಿಲ್ಲ. ಕಾರಣಗಳ ಪಟ್ಟಿಯಲ್ಲಿ ಅದೊಂದಿತ್ತು, ಆ ಮಹಿಳೆ ಅದನ್ನು ಒತ್ತಿದ್ದಳು. ಪೊಟ್ಟಣವನ್ನು ಬಿಚ್ಚುವುದನ್ನು ಆದ್ಯಂತವಾಗಿ ವಿಡಿಯೋ ಮಾಡಿರಬೇಕೆಂಬ ಕಲಮು, ರೇಷ್ಮೆಯ ಸೀರೆ ಹೋದ ಪೊಟ್ಟಣದಲ್ಲಿ ಹಳೆಯ ಚಾದರವು ತಿರುಗಿ ಬಂದ ಮೇಲೆ ಹುಟ್ಟಿದ್ದು. ಈಗಂತೂ ಕೊರಿಯರಿನ ಹುಡುಗನು ರಿಟರ್ನ್ ತಂದೊಡನೆ, ಸೋದರಳಿಯನು ಕ್ಯಾಮೆರಾ ಹಿಡಿದು ನಿಲ್ಲುವನು, ಸಾಹುಕಾರನು ಪಂಚನಾಮೆಗೆ ಕುಳಿತ ಅಮಲ್ದಾರನ ಮುಖಭಾವದಿಂದ ಕತ್ತರಿಯನ್ನು ಎತ್ತಿ ತೋರಿಸಿ, ಅನಂತರವೇ ದಾರವನ್ನು ಕತ್ತರಿಸುವನು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಒಂಬತ್ತನೆಯ ಕಲಮು. ಗದ್ವಾಲದ ಸೀರೆಯು ಬೆಂಕಿಪೊಟ್ಟಣದಲ್ಲಿ ಅಡಗುವಷ್ಟು ನವುರೆಂಬ ಮಾತು ಈ ಪ್ರಾಂತದಲ್ಲಿ ತಲೆಮಾರುಗಳಿಂದ ಪ್ರಚಲಿತವಾಗಿದೆ. ಸಾಹುಕಾರನು ಅದನ್ನು ಭಕ್ತಿಯಿಂದ ಜಾಹೀರಾತಿನಲ್ಲಿ ಸೇರಿಸಿದನು; ದೂರದ ನಗರದ ಗ್ರಾಹಕರೊಬ್ಬರು ಅದನ್ನು ಅಷ್ಟೇ ಭಕ್ತಿಯಿಂದ ಓದಿ, ಸೀರೆ ತಲಪಿದ ಸಂಜೆಯೇ ಪ್ರಯೋಗಕ್ಕೆ ತೊಡಗಿ, ಹರಿದ ಪೊಟ್ಟಣದ ಛಾಯಾಚಿತ್ರವನ್ನು ಸಾಕ್ಷ್ಯವಾಗಿ ಲಗತ್ತಿಸಿ, ವರ್ಣನೆಗೆ ತಕ್ಕಂತಿಲ್ಲವೆಂದು ಸೀರೆಯನ್ನು ಹಿಂತಿರುಗಿಸಿದರು. “ಬೆಂಕಿಪೊಟ್ಟಣದ ಪ್ರಸ್ತಾಪವು ಸಾಂಪ್ರದಾಯಿಕವಾದದ್ದು, ಪ್ರಯೋಗಾರ್ಹವಲ್ಲ” ಎಂಬುದು ಅಂದು ಸೇರಿದ ವಾಕ್ಯ. ಜಾಹೀರಾತಿನಿಂದ ಪೊಟ್ಟಣವನ್ನು ತೆಗೆದುಹಾಕುವುದು ಸುಲಭವಾಗಿತ್ತಲ್ಲವೆ ಎಂದು ಕೇಳುವವರು ವ್ಯಾಪಾರಿಯ ಹೃದಯವನ್ನು ಅರಿಯದವರು.

ಈ ಶಾಸನಗಳಿಗೆಲ್ಲ ಚಲಾವಣೆ ಎಷ್ಟೆಂಬುದು ಬೇರೆಯ ಮಾತು. ದೊಡ್ಡ ಮಾರುಕಟ್ಟೆಯ ತಾಣಗಳಲ್ಲಿ, ಎಷ್ಟು ದಿನಗಳೊಳಗೆ ಸರಕನ್ನು ಹಿಂತಿರುಗಿಸಬಹುದೆಂಬುದನ್ನು ಬಹುಮಟ್ಟಿಗೆ ತಾಣದವರೇ ಗೊತ್ತುಮಾಡುವುದರಿಂದ, ನಿಜಾಮರ ಸಾರ್ವಭೌಮತ್ವಕ್ಕೆ ತಲೆಬಾಗಿಯೇ ಆಳುತ್ತಿದ್ದ ಹಿಂದಿನ ಗದ್ವಾಲದ ಸಂಸ್ಥಾನಿಕರಂತೆ, ಈತನ ಅಧಿಕಾರವೂ ಮೇಲಿನವರು ಬಿಟ್ಟುಕೊಟ್ಟಷ್ಟೇ. ಅದರ ಮೇಲೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅನ್ವಯ 2020ರ ಜುಲೈಯಲ್ಲಿ ಹೊರಟ ಇ-ಕಾಮರ್ಸ್ ನಿಯಮಗಳು, ದೋಷಯುಕ್ತವಾದ, ನಕಲಿಯಾದ, ಜಾಹೀರಾತಿನ ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸಕೂಡದೆಂದು ಕಟ್ಟಪ್ಪಣೆ ಮಾಡಿವೆ. ಮಾರುವವನೇ ಕೊಳ್ಳುವವನ ವೇಷದಲ್ಲಿ ಹೊಗಳಿಕೆ ಬರೆಯಕೂಡದೆಂದೂ ಅವುಗಳಲ್ಲಿದೆ. ಇದು ತಿಳಿದ ದಿನ ಸಾಹುಕಾರನ ಭಾವಮೈದುನನು ತನ್ನ ಸಾಹಿತ್ಯ ವ್ಯವಸಾಯವನ್ನು ನಿಲ್ಲಿಸಿದನು.

ಅದೇ ನಿಯಮಗಳು, ಮಾರಾಟಗಾರನು ಕುಂದುಕೊರತೆಗಳ ಅಧಿಕಾರಿಯೊಬ್ಬರನ್ನು ನೇಮಿಸಬೇಕೆಂದೂ, ಆ ಅಧಿಕಾರಿಯು ದೂರು ಬಂದ 48 ಗಂಟೆಗಳೊಳಗೆ ಅದು ತಲಪಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕೆಂದೂ ಹೇಳುತ್ತವೆ. ಹೊರಗಿನವರಿಗೆ ಸಂಬಳ ಕೊಡುವ ಚೈತನ್ಯವಿಲ್ಲದ ಸಾಹುಕಾರನು ತನ್ನ ತಾಯಿಯನ್ನೇ ಆ ಪದವಿಗೆ ನೇಮಿಸಿದನು. ಸ್ಮೃತಿಯ ಪತನವು ಅಲ್ಲಿಂದ ಪ್ರಾರಂಭವಾಯಿತು. ಆಕೆಗೆ 48 ಗಂಟೆಗಳು ಬೇಕಾಗುವುದಿಲ್ಲ. ಫೋನು ಬಂದರೆ, ಮೊದಲು ಯಾವೂರು, ಎಷ್ಟು ಮಕ್ಕಳು, ಅಡಿಗೆ ಏನು ಎಂಬಿವನ್ನು ವಿಚಾರಿಸಿ, ಬಳಿಕ ತೀರ್ಪನ್ನು ಅಡಿಗೆಮನೆಯಿಂದಲೇ ಕೂಗುವಳು.

“ತಮ್ಮಾ, ಆ ಹೆಣ್ಣುಮಗಳು ಕುಬಸಕ್ಕಂತ ತರಿಸ್ಯಾಳಂತ. ಬಣ್ಣ ಮನಸಿಗೆ ಬರಲಿಲ್ಲಂತ. ರೊಕ್ಕ ತಿರುಗಿ ಕೊಟ್ಟುಬಿಡು.”

“ಅವ್ವಾ, ಏಳನೇ ಕಲಮಿನಾಗ ಸ್ಪಷ್ಟ ಬರದೀನಿ, ಬಣ್ಣಕ್ಕ ನಾವು ಜವಾಬ್ದಾರ ಅಲ್ಲಂತ.”

“ನಿನ್ನ ಕಲಮು ಒಲಿಯಾಗ ಹಾಕು. ಬಸರಿ ಹೆಂಗಸಿನ ಮನಸು ನೋಯಿಸಿ ಯಾವ ರೊಕ್ಕ ಉಳಿಸ್ತಿ?”

ಸಾಹುಕಾರನು ಗೊಣಗುತ್ತಲೇ ಹಣವನ್ನು ಹಿಂತಿರುಗಿಸುವನು; ಆ ಸಂಜೆ ಹೊಸದೊಂದು ಕಲಮನ್ನು ಬರೆಯುವನು. ಆತನ ತಂದೆಯ ಬಟ್ಟೆಯಂಗಡಿಯಲ್ಲಿಯೂ, ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂಬ ಹಲಗೆ ತೂಗುತ್ತಿದ್ದಿತಾದರೂ, ಅದರ ಕೆಳಗೇ ಕುಳಿತು ಆ ವೃದ್ಧನು ಯುಗಾದಿಯಲ್ಲಿ ಒಯ್ದ ಸೀರೆಯನ್ನು ದೀಪಾವಳಿಯಲ್ಲಿ ಬದಲಿಸಿ ಕೊಡುತ್ತಿದ್ದುದನ್ನು ಊರಿನ ಹಿರಿಯರು ಇಂದಿಗೂ ಹೇಳುವರು. ಮುಖ ಕಂಡವರಿಗೆ ಇಲ್ಲವೆನ್ನಲು ಈ ಮನೆತನಕ್ಕೆ ಎಂದೂ ಬಂದಿಲ್ಲ. ಮುಖ ಕಾಣದವರ ವಿರುದ್ಧ ಮಾತ್ರವೇ ಈತನ ಪ್ರತಾಪವೆಲ್ಲ, ಅದೂ ತಾಯಿ ಫೋನು ಎತ್ತುವವರೆಗೆ.

ಆದರೂ, ಅಂಚು ಕೂಡುವ ಗೆರೆಯನ್ನು ದೋಷವೆಂದು ಎಣಿಸಕೂಡದೆಂಬ ಒಂದು ಕಲಮಿನ ವಿಷಯದಲ್ಲಿ ನಾನು ಸಾಹುಕಾರನ ಪಕ್ಷ. 2010ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಈ ಸೀರೆಯಲ್ಲಿ, ಅಂಚಿನ ಎಳೆಯನ್ನೂ ಒಡಲಿನ ಎಳೆಯನ್ನೂ ಮಗ್ಗದ ಮೇಲೆಯೇ ಒಂದಕ್ಕೊಂದು ಕೊಂಡಿಹಾಕಿ ನೇಯುವರು; ಎರಡೂ ಸೇರುವಲ್ಲಿ ಒಂದು ಗೆರೆ ಕಾಣಿಸುವುದು, ಬೆರಳಾಡಿಸಿದರೆ ತಿಳಿಯುವುದೂ ಉಂಟು. ಅಸಲೆಂಬುದಕ್ಕೆ ಅದೇ ಗುರುತು. “ಬೇರೆ ಅಂಚನ್ನು ತಂದು ಹೊಲಿದಿದ್ದಾರೆ, ಮೋಸ” ಎಂದು ಬರೆದು ಅಂತಹ ಸೀರೆಯನ್ನು ತಿರುಗಿಸಿದಾಗ, ಆ ದೂರು ಸಾಹುಕಾರನನ್ನು ದಾಟಿ, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನಗಟ್ಟಲೆ ಎಳೆಗೆ ಎಳೆ ಕೂಡಿಸಿದ ನೇಕಾರನಿಗೆ ತಗಲುತ್ತದೆ. ಆದುದರಿಂದ ಗದ್ವಾಲದ ಸೀರೆಯನ್ನು ಮೊಬೈಲಿನಲ್ಲಿ ತರಿಸುವ ಸೋದರಿಯರಲ್ಲಿ ನನ್ನದೊಂದು ಬಿನ್ನಹ: ಬಣ್ಣ ಹಿಡಿಸದಿದ್ದರೆ ಹಿಂತಿರುಗಿಸಿರಿ, ನೇಯ್ಗೆ ಹರಿದಿದ್ದರೆ ಅವಶ್ಯವಾಗಿ ಹಿಂತಿರುಗಿಸಿರಿ, ಆ ಕೊಂಡಿಯ ಗೆರೆಗಾಗಿ ಮಾತ್ರ ಹಿಂತಿರುಗಿಸಬೇಡಿರಿ.