ಬಾಡಿಗೆ ಬ್ಯಾಟರಿಯ ಯಜಮಾನ

ನಮ್ಮನೆ ಅಂಗಳದ ಕಾರು ನಮ್ಮದೇ. ಅದರ ಹೊಟ್ಟೆಯೊಳಗಿನ ಬ್ಯಾಟರಿ ಮಾತ್ರ ಬಾಡಿಗೆಯದು. 2024ರಲ್ಲಿ ಎಂಜಿ ವಿಂಡ್ಸರ್ ಬಂದಾಗ ಬ್ಯಾಟರಿ ಸಮೇತ 13.50 ಲಕ್ಷ, ಬ್ಯಾಟರಿ ಬಿಟ್ಟರೆ 9.99 ಲಕ್ಷ, ಆಮೇಲೆ ಕಿಲೋಮೀಟರಿಗೆ 3.50 ರೂಪಾಯಿ ಅಂದರು. ಮೂರೂವರೆ ಲಕ್ಷ ಉಳೀತಲ್ಲ ಅಂತ ಕುಣಿದೆ. ಅಂದಿನಿಂದ ದೂರವೆಲ್ಲ ರೂಪಾಯಿಯಲ್ಲೇ ಕಾಣುತ್ತಿದೆ. ಮಡಿಕೇರಿಯಿಂದ ಕುಶಾಲನಗರ 30 ಕಿಲೋಮೀಟರ್ ಅಲ್ಲ, 105 ರೂಪಾಯಿ. ಮೈಸೂರಿನ ಮದುವೆಗೆ ಹೋಗಿಬಂದರೆ 800 ದಾಟುತ್ತದೆ. ಕರೆಂಟ್ ಬಿಲ್ಲು ಬೇರೆ, ಮುಯ್ಯಿ ಬೇರೆ.

ಘಾಟಿಯದ್ದೇ ದೊಡ್ಡ ತಮಾಷೆ. ಸಂಪಾಜೆ ಕಡೆ ಇಳಿಯುವಾಗ ಮೋಟಾರು ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತದೆ. ಅಂದರೆ ಯಾರದೋ ಬ್ಯಾಟರಿಗೆ ನಾನು ಚಾರ್ಜ್ ಮಾಡಿಕೊಟ್ಟು, ಮೇಲಿಂದ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡೂ ಕೊಡಬೇಕು! ಹಿಂದೆ ಕೂತ ಅತ್ತೆ, “ನ್ಯೂಟ್ರಲ್‌ನಲ್ಲಿ ಇಳಿಸಿದರೆ ಬಾಡಿಗೆ ಕಡಿಮೆಯಾಗಲ್ವಾ ಅಳಿಯಂದಿರೇ?” ಅಂದರು. ಪಾಪ, ಪೆಟ್ರೋಲ್ ಕಾಲದವರು.

ಸರಿ, ಮಳೆಗಾಲ ಮುಗಿಯುವವರೆಗೆ ಎಲ್ಲಿಗೂ ಹೋಗೋದೇ ಬೇಡ ಅಂದುಕೊಂಡರೆ, ಕರಾರಿನ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ತಿಂಗಳಿಗೆ ಕನಿಷ್ಠ ಇಷ್ಟು ಓಡಿದಂತೆಯೇ ಲೆಕ್ಕ. ಹಾಗಾಗಿ ತಿಂಗಳ ಕೊನೆಯ ವಾರ ನಮಗೆ ನೆಂಟರ ಮೇಲೆಲ್ಲ ಪ್ರೀತಿ ಉಕ್ಕುತ್ತದೆ. ಮೊನ್ನೆ ಕಾಲು ಕಿಲೋ ಹಸಿಮೆಣಸು ತರಲು ವಿರಾಜಪೇಟೆಗೆ ಹೋಗಿಬಂದೆವು, ಸಂಸಾರ ಸಮೇತ.