ಹೋಯಾ ಬಳ್ಳಿಯ ಸುವಾಸನಾ ಸಂಕಥನ: ಒಂದು ಬಹುಶಿಸ್ತೀಯ ಅಧ್ಯಯನ (ಘಾಟಿ ಸುಬ್ರಹ್ಮಣ್ಯವನ್ನು ಅನುಲಕ್ಷಿಸಿ)

ಅಧ್ಯಾಯ 1: ಪ್ರವೇಶಿಕೆ, ವ್ಯಾಪ್ತಿ ಮತ್ತು ಮಿತಿ

ವರ್ತಮಾನದ ತಲ್ಲಣಗಳ ಹಿನ್ನೆಲೆಯಲ್ಲಿ ಕುಂಡವನ್ನು ಪಠ್ಯವಾಗಿ, ಬಳ್ಳಿಯನ್ನು ಕಥನವಾಗಿ, ಪರಿಮಳವನ್ನು ಪ್ರತಿರೋಧವಾಗಿ ಮರು ಓದಿಗೆ ಒಳಪಡಿಸಬೇಕಾದ ತುರ್ತು ಹಿಂದೆಂದಿಗಿಂತಲೂ ಇಂದು ಹೆಚ್ಚಾಗಿದೆ. ಹಿಂದೆಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಈ ವಾಕ್ಯವಿಲ್ಲದ ಪ್ರಬಂಧವನ್ನು ಯಾವ ಗೋಷ್ಠಿಯವರೂ ಮುಟ್ಟುವುದಿಲ್ಲವಾದ್ದರಿಂದ ಹಾಕಲಾಗಿದೆ.

ಅಧ್ಯಯನದ ಭೌಗೋಳಿಕ ವ್ಯಾಪ್ತಿ ದೊಡ್ಡಬಳ್ಳಾಪುರ ತಾಲ್ಲೂಕು ತೂಬಗೆರೆ ಹೋಬಳಿಯ ಘಾಟಿ ಸುಬ್ರಹ್ಮಣ್ಯ. ಮಾಕಳಿದುರ್ಗದ ಕಡೆಯ ಈ ಕಲ್ಲುಬೆಟ್ಟ, ಕುರುಚಲು ಕಾಡಿನ ಸೀಮೆ ಹೋಯಾ ಹುಟ್ಟುವ ನೆಲವಲ್ಲ. ಅದಕ್ಕೆ ಬೇಕಾದದ್ದು ತೇವದ ಗಾಳಿ, ಹಬ್ಬಲು ಮರದ ತೊಗಟೆ. ನಮ್ಮ ರಾಜ್ಯದಲ್ಲಿ ಅದರ ತವರು ಪಶ್ಚಿಮಘಟ್ಟ. ಹಾಗಾದರೆ ಇಲ್ಲಿ ಅಧ್ಯಯನ ಯಾವುದರದು ಎಂದು ಯಾರಾದರೂ ಕೇಳಬಹುದು. ಕೇಳುವವರು ಸಂಶೋಧನಾ ವಿಧಾನ ಬಲ್ಲವರಲ್ಲ. ಇಲ್ಲದಿರುವುದಕ್ಕೆ 'ಗೈರುಹಾಜರಿಯ ಕಥನ' ಎಂದು ಹೆಸರಿಟ್ಟರೆ ಇಲ್ಲದಿರುವುದೇ ಈ ಅಧ್ಯಯನದ ಅನನ್ಯತೆಯಾಗುತ್ತದೆ.

ಈ ಪರಿಭಾಷೆ ನನ್ನ ಸ್ವಂತದ್ದಲ್ಲ. ಕಾಲೇಜೊಂದರ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಕೂತು ಎದ್ದಾಗ ಮೈಗೆ ಅಂಟಿಕೊಂಡದ್ದು. ಅಲ್ಲಿ ವಿದ್ವಾಂಸರೊಬ್ಬರು ನಾಗಾರಾಧನೆಯಲ್ಲಿ ಹೂವಿನ ಬಳಕೆಯ ಬಗ್ಗೆ 'ಮುಖಾಮುಖಿ', 'ಅಂಚು', 'ಪಲ್ಲಟ' ಎಂದು ಊಟದ ಹೊತ್ತು ಮೀರುವ ತನಕ ಮಾತಾಡಿದರು. ವೇದಿಕೆಯ ಪಕ್ಕದಲ್ಲೇ ಬಿಳಿ ಹೂ ಉದುರಿಸುತ್ತ ನಿಂತಿದ್ದ ದೇವಕಣಗಿಲೆಯನ್ನು ತೋರಿಸಿ ವಿದ್ಯಾರ್ಥಿನಿಯೊಬ್ಬಳು ಇದು ಯಾವ ಹೂವು ಸರ್ ಎಂದಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, 'ಅದನ್ನು ನಾವು ಸಾಂದರ್ಭಿಕವಾಗಿ ನೋಡಬೇಕಾಗುತ್ತದೆ' ಎಂದರು. ಅವತ್ತು ಬಂದ ಸಿಟ್ಟಿಗೆ ಈ ಪ್ರಬಂಧ.

ಅಧ್ಯಾಯ 2: ಪೂರ್ವಸೂರಿಗಳ ಸಮೀಕ್ಷೆ

ಮೇಣದ ಹೂವಿನ ಈ ಬಳ್ಳಿಯನ್ನು ಲಿನೇಯಸನ ಮಗ 1782ರಲ್ಲಿ ಬೇರೊಂದು ಕುಲಕ್ಕೆ ಸೇರಿಸಿ ವರ್ಣಿಸಿದ್ದ. 1810ರಲ್ಲಿ ರಾಬರ್ಟ್ ಬ್ರೌನ್ ಅದನ್ನು ಅಲ್ಲಿಂದ ಬಿಡಿಸಿ ಹೋಯಾ ಎಂಬ ಹೊಸ ಕುಲ ಕಟ್ಟಿದ. ಹೆಸರು ಬಂದದ್ದು ಲಂಡನ್ ಹತ್ತಿರದ ಸಯನ್ ಹೌಸಿನಲ್ಲಿ ನಾರ್ಥಂಬರ್ಲೆಂಡ್ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ ಥಾಮಸ್ ಹೋಯ್‌ನಿಂದ. ಡ್ಯೂಕನ ಹೆಸರು ಬಿಟ್ಟು ಡ್ಯೂಕನ ತೋಟಗಾರನ ಹೆಸರು! ನಮ್ಮಲ್ಲಾಗಿದ್ದರೆ ಈ ಬಳ್ಳಿ ಯಾರಾದರೂ ಮಾಜಿ ಕುಲಪತಿಗಳ ಹೆಸರು ಹೊತ್ತುಕೊಂಡು ಬಾಗಿರುತ್ತಿತ್ತು.

ದಕ್ಷಿಣ ಭಾರತದ ಹೋಯಾಗಳನ್ನು ಪುಸ್ತಕಕ್ಕೆ ತಂದವರಲ್ಲಿ ಮುಖ್ಯನಾದವನು ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ರಾಬರ್ಟ್ ವೈಟ್. ಅವನಿಗೆ ಗಿಡಗಳ ಚಿತ್ರ ಬರೆದುಕೊಟ್ಟವರು ರಂಗಯ್ಯ ಮತ್ತು ಗೋವಿಂದು ಎಂಬ ದಕ್ಷಿಣ ಭಾರತೀಯ ಕಲಾವಿದರು. ಗೋವಿಂದುವಿನ ಹೆಸರಲ್ಲಿ ವೈಟ್ ಒಂದು ಸೀತಾಳೆ ಕುಲವನ್ನೇ ಸ್ಥಾಪಿಸಿದ. ಮುಂದೆ ಬಂದವರು ಅದನ್ನು ಬೇರೆ ಕುಲದೊಳಗೆ ಸೇರಿಸಿಬಿಟ್ಟರು. ಶಾಸ್ತ್ರದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೂ ಸಂಕಿರಣದ ಪ್ರಬಂಧಗಳಲ್ಲಿ ಫ್ರೆಂಚ್ ತತ್ವಜ್ಞಾನಿಗಳ ಹೆಸರು ಪುಟಕ್ಕೆ ನಾಲ್ಕು ಬರುವಾಗ ಗೋವಿಂದುವಿನ ಹೆಸರು ಒಂದು ಸಲವಾದರೂ ಬರಬಾರದಿತ್ತೆ?

ಇನ್ನು ಹೋಯಾದ ಬಂಧುಬಳಗ. ಸಂಗ್ರಾಹಕರು ಇದನ್ನು ಹೇಳಿದರೆ ಮುಖ ಸಿಂಡರಿಸುತ್ತಾರೆ: ಎಕ್ಕ, ಕಣಗಿಲೆ, ನಂದಿಬಟ್ಟಲು, ಮೇಲೆ ಹೇಳಿದ ದೇವಕಣಗಿಲೆ, ಎಲ್ಲ ಒಂದೇ ಕುಟುಂಬ. ಮುರಿದರೆ ಬಿಳಿ ಹಾಲು. ಅದರಲ್ಲೂ ಎಕ್ಕ ತೀರ ಹತ್ತಿರದ ನಂಟು. ಅದರ ಹೂವಿನ ನಡುವಿನ ಕಿರೀಟ, ಪರಾಗ ಪುಡಿಯಾಗದೆ ಗಂಟುಗಂಟಾಗಿ ಕೀಟದ ಕಾಲಿಗೆ ಸಿಕ್ಕಿಕೊಂಡು ಹೋಗುವ ಏರ್ಪಾಡು, ಎರಡೂ ಹೋಯಾದಲ್ಲೂ ಇವೆ. ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯ ಪಕ್ಕ ಎಕ್ಕ ಧೂಳು ಕುಡಿದುಕೊಂಡು ಬಿಟ್ಟಿಯಾಗಿ ನಿಂತಿರುತ್ತದೆ. ಅದರ ನಂಟರ ಎರಡೆಲೆಯ ತುಂಡಿಗೆ ಸಾವಿರಗಟ್ಟಲೆ ಕೊಟ್ಟವರ ಕಾರು ಅದರ ಮೇಲೆ ಇನ್ನಷ್ಟು ಧೂಳು ಹಾರಿಸಿಕೊಂಡು ಹೋಗುತ್ತದೆ.

ಅಧ್ಯಾಯ 3: ತಾತ್ವಿಕ ಚೌಕಟ್ಟು, ಅಥವಾ ದರ್ಪಣ ಮೀಮಾಂಸೆ

ಘಾಟಿಯ ಗರ್ಭಗುಡಿಯಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಬೆನ್ನಿನ ಕಡೆ ಇರುವ ನರಸಿಂಹನ ದರ್ಶನ ಭಕ್ತರಿಗೆ ಆಗಲೆಂದು ಹಿಂದೆ ಕನ್ನಡಿ ಇಟ್ಟಿದ್ದಾರೆ. ಇಂಥ ಅವಕಾಶವನ್ನು ಫ್ರೆಂಚ್ ಮನೋವಿಶ್ಲೇಷಕ ಲಕಾನನ ದರ್ಪಣ ಸಿದ್ಧಾಂತಕ್ಕೆ ಜೋಡಿಸದೆ ಬಿಡುವ ಸಂಶೋಧಕ ಇನ್ನೂ ಹುಟ್ಟಿಲ್ಲ. ಆದ್ದರಿಂದ: ಹೋಯಾ ಸಂಗ್ರಾಹಕನ ಕನ್ನಡಿ ಅವನ ಮೊಬೈಲು. ಬಳ್ಳಿ ಕಣ್ಣೆದುರೇ ಇದ್ದರೂ ಅವನು ನೋಡುವುದು ಪರದೆಯೊಳಗೆ. ದೇವಸ್ಥಾನದ ಕನ್ನಡಿ ಕಾಣದ್ದನ್ನು ಕಾಣಿಸುತ್ತದೆ, ಇವನದ್ದು ಕಾಣುತ್ತಿರುವುದನ್ನು ಮುಚ್ಚುತ್ತದೆ. ಸಿದ್ಧಾಂತ ಇಷ್ಟಕ್ಕೇ ಮುಗಿಯಿತು. ಇದನ್ನು ನಲವತ್ತು ಪುಟಕ್ಕೆ ಎಳೆಯುವ ವಿದ್ಯೆ ನನಗೆ ಸಿದ್ಧಿಸಿಲ್ಲ.

ಅಧ್ಯಾಯ 4: ಸಂಗ್ರಾಹಕರ ಸಪ್ತವಿಧ ವರ್ಗೀಕರಣ

ಮೊದಲನೆಯವರು ನಾಮನಿಷ್ಠರು. ಇವರ ಭಕ್ತಿ ಬಳ್ಳಿಗಿಂತ ಚೀಟಿಯ ಮೇಲೆ. ಕುಂಡಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಟಿ ಗಾಳಿಗೆ ಹಾರಿಹೋದರೆ ಬಳ್ಳಿ ಅನಾಥ. ಹೂ ಬಿಟ್ಟು ಮನೆಯೆಲ್ಲ ಘಮ್ಮೆಂದರೂ ಅದಕ್ಕೆ ಬೆಲೆಯಿಲ್ಲ.

ಎರಡನೆಯವರು ಪರ್ಣಪಂಥೀಯರು. ಎಲೆಯ ಮೇಲೆ ಬೆಳ್ಳಿ ಚುಕ್ಕೆ ಎಷ್ಟು, ಅಂಚು ಗುಲಾಬಿಯೋ ಕೆನೆಯೋ ಎಂಬುದೇ ಇವರ ಸಾಧನೆ. ಹೂವಿಗೆ ಹೋಗುವ ಶಕ್ತಿ ಎಲೆಗಾದರೂ ಉಳಿಯಲಿ ಎಂದು ಮೊಗ್ಗು ಚಿವುಟುವವರೂ ಇವರಲ್ಲಿದ್ದಾರೆ. ಹೂವಿನ ಬಳ್ಳಿ ತಂದು ಮೊಗ್ಗು ಚಿವುಟುವವರಿಗೆ ಘಾಟಿಯ ನಾಗರಕಲ್ಲುಗಳ ಸಾಲು ತೋರಿಸಿಕೊಂಡು ಬರಬೇಕು. ಮಕ್ಕಳಾಗಲೆಂದು ಹರಕೆ ಹೊತ್ತು ಜನ ಪ್ರತಿಷ್ಠೆ ಮಾಡಿಸಿದ ಆ ಕಲ್ಲುಗಳ ಮುಂದೆ ನಿಂತರೆ ಏನಾದರೂ ಹೊಳೆದೀತು.

ಮೂರನೆಯವರು ಏಕಪತ್ರವ್ರತಸ್ಥರು. ಫೆಬ್ರವರಿ 14 ಹತ್ತಿರ ಬಂದಾಗ ಹೃದಯದ ಆಕಾರದ ದಪ್ಪ ಎಲೆಯೊಂದನ್ನು ಪುಟ್ಟ ಕುಂಡದಲ್ಲಿ ನೆಟ್ಟು ಮಾರುತ್ತಾರೆ. ಅದು ಹೋಯಾ ಕೆರಿಯೈ, ಸಯಾಮಿನಲ್ಲಿ ವೈದ್ಯನಾಗಿದ್ದ ಕೆರ್ ಎಂಬವನ ಹೆಸರಿನದು. ಎಲೆಯ ಜೊತೆಗೆ ಕಾಂಡದ ಗೆಣ್ಣು ಇಲ್ಲದಿದ್ದರೆ ಬೇರು ಬಿಡುತ್ತದೆ, ಬಳ್ಳಿ ಮಾತ್ರ ಆಗುವುದಿಲ್ಲ. ವರ್ಷಗಟ್ಟಲೆ ಒಂದೇ ಎಲೆಯಾಗಿ ಹಾಗೇ ಕೂತಿರುತ್ತದೆ. ಕೊಂಡವರು ದಿನಾ ನೀರು ಹಾಕುತ್ತ ಪ್ರೀತಿ ಚಿಗುರುವುದನ್ನು ಕಾಯುತ್ತಾರೆ. ಇದು ವ್ಯಾಪಾರವಲ್ಲ, ಮೋಸ.

ಪುಷ್ಯ ಮಾಸದ ತೇರಿನ ಹೊತ್ತಿಗೆ ಇದೇ ಘಾಟಿಯಲ್ಲಿ ದನಗಳ ಜಾತ್ರೆ ನೆರೆಯುತ್ತದಲ್ಲ, ಅಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಆಮೇಲೆ ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಹೋಯಾದವರು ಫೋಟೋ ನೋಡಿ ದುಡ್ಡು ಕಳಿಸುತ್ತಾರೆ.

ನಾಲ್ಕರಿಂದ ಏಳರವರೆಗಿನ ವರ್ಗಗಳಿಗೆ ಸಂಸ್ಕೃತದ ಹೆಸರೂ ಹುಡುಕಿಟ್ಟಿದ್ದೆ. ಬರೆಯಲು ಬೇಜಾರು. ಎಲ್ಲರೂ ಮೇಲಿನ ಮೂವರ ದಾಯಾದಿಗಳೇ.

ಅಧ್ಯಾಯ 5: ಕ್ಷೇತ್ರಕಾರ್ಯ

ಮಾಹಿತಿದಾರರು 1: ಸಂಶೋಧಕನ ಷಡ್ಡಕರು. ನಿವೃತ್ತರಾಗಿ ಘಾಟಿಯ ಹತ್ತಿರ ತೋಟದ ಮನೆ ಮಾಡಿಕೊಂಡಿದ್ದಾರೆ. ತಾರಸಿಯ ಮೇಲೆ ಬಲೆಯ ಚಪ್ಪರ, ಅದರೊಳಗೆ ಹೋಯಾಗಳು, ನಡುವೆ ಮಂಜು ಉಗುಳುವ ಯಂತ್ರ. ಕೊಳವೆಬಾವಿ ಸಾವಿರ ಅಡಿ ಇಳಿದರೂ ನೀರು ಕಾಣದ ಸೀಮೆ ಇದು. ಊರಿನ ನಲ್ಲಿಗೆ ನೀರು ಯಾವತ್ತು ಬರುತ್ತದೆಂದು ಕೊಡ ಸಾಲಾಗಿಟ್ಟು ಕಾಯುವವರ ತಲೆಯ ಮೇಲೇ ಥಾಯ್ಲೆಂಡಿನ ಬಳ್ಳಿಗೆ ಶುದ್ಧೀಕರಿಸಿದ ನೀರಿನ ಮಂಜು. ಈ ಮಾತನ್ನು ಅವರಿಗೂ ಹೇಳಿದ್ದೇನೆ. 'ಗಿಡಕ್ಕೆ ತೇವಾಂಶ ಬೇಕಲ್ರೀ ಭಾವ' ಎಂದರು. ಬೇಕು, ನಿಜ. ಆದರೆ ಸಾದಾ ಕಾರ್ನೋಸ ಎಂಬ ಹಳೇ ಜಾತಿಗೆ ಈ ವೈಭೋಗ ಏನೂ ಬೇಡ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಬಳ್ಳಿ ಅದು; ಬಾಯಾರಿಕೆಯಿಂದ ಸಾಯುವುದು ಅಪರೂಪ, ಅತಿ ನೀರಿಗೆ ಬೇರು ಕೊಳೆತು ಸಾಯುವುದೇ ಹೆಚ್ಚು.

ಆ ಕಾರ್ನೋಸ ಅವರ ಮನೆಯಲ್ಲೂ ಇತ್ತು, ಚಪ್ಪರಕ್ಕೆ ಅನರ್ಹವೆಂದು ಜಗಲಿಯ ಮೂಲೆಯಲ್ಲಿ. ಒಂದು ರಾತ್ರಿ ಕರೆಂಟು ಹೋಯಿತು. ಎ.ಸಿ. ನಿಂತು, ಕಿಟಕಿ ತೆಗೆದು ಎಲ್ಲರೂ ಜಗಲಿಗೆ ಬಂದೆವು. ಷಡ್ಡಕರು ಮೂಗರಳಿಸಿ, 'ಭಾವ, ಇದೇನ್ರೀ ವಾಸನೆ? ಪಕ್ಕದ ತೋಟದವರು ಊದುಬತ್ತಿ ಹಚ್ಚಿದಾರಾ?' ಎಂದರು. ಟಾರ್ಚು ಬಿಟ್ಟು ನೋಡಿದರೆ ಅಂಗೈಯಗಲದ ಹೂಗೊಂಚಲು. ಒಂದೊಂದೂ ಮೇಣದಲ್ಲಿ ಎರಕ ಹೊಯ್ದಂಥ ಐದು ಮೂಲೆಯ ತಿಳಿಗುಲಾಬಿ ನಕ್ಷತ್ರ, ಮೇಲೆ ಸಣ್ಣ ರೋಮ, ನಡುವೆ ಇನ್ನೊಂದು ಹೊಳೆಯುವ ಪುಟ್ಟ ನಕ್ಷತ್ರ, ಅದರ ಬುಡದಲ್ಲಿ ಕೆಂಪು. ನಕ್ಷತ್ರಗಳ ತುದಿಯಲ್ಲಿ ಜೇನಿನಂಥ ಹನಿ. ಒಂದು ಹನಿ ಕೆಳಗಿನ ಕಡಪ ಕಲ್ಲಿಗೆ ಬಿದ್ದು ಅದರ ಸುತ್ತ ಕಟ್ಟಿರುವೆ ಸೇರಿದ್ದವು. ಹಗಲಲ್ಲಿ ಹೀಗೆ ಘಮಿಸುವ ಹೂವಲ್ಲ ಇದು. ರಾತ್ರಿ ಹಾರುವ ಪತಂಗಗಳಿಗೆಂದು ಕತ್ತಲಾದ ಮೇಲೆಯೇ ಇದರ ಕಾರುಬಾರು. ಷಡ್ಡಕರು ಒಂಬತ್ತಕ್ಕೆ ಕಿಟಕಿ ಮುಚ್ಚಿ ಮಲಗುವವರು. ಸಂಗ್ರಹದಲ್ಲಿ ಇಷ್ಟು ಪರಿಮಳವಿದೆ ಎಂದು ಅವರಿಗೆ ಗೊತ್ತಾಗಲು ವಿದ್ಯುತ್ ಇಲಾಖೆಯ ಕೃಪೆ ಬೇಕಾಯಿತು.

ಮಾಹಿತಿದಾರರು 2: ದೇವಸ್ಥಾನದ ಹತ್ತಿರ ಹೂ ಮಾರುವ ಅಜ್ಜಿ. ಮರುದಿನ ಉದುರಿದ ನಾಲ್ಕು ಹೂವನ್ನೂ ಒಂದು ಪೂರ್ತಿ ಗೊಂಚಲನ್ನೂ ತೆಗೆದುಕೊಂಡು ಹೋಗಿ ತೋರಿಸಿದೆ. ಅಜ್ಜಿ ತೊಟ್ಟು ಮುರಿದು ನೋಡಿ, 'ಹಾಲು ಸೋರ್ತದಲ್ಲ ಸ್ವಾಮಿ, ದಾರಕ್ಕೆ ಹೆಂಗ್ ಕಟ್ಟನ? ವಾರ ಆದ್ರೂ ಬಾಡಾಕಿಲ್ಲ ಅಂತೀರ. ಬಾಡದಿದ್ರೆ ನಾಳೀಕೆ ನನ್ ತಾವ ಯಾರ್ ಬತ್ತಾರೆ?' ಎಂದಿತು. ಪುಷ್ಪೋದ್ಯಮದ ಅರ್ಥಶಾಸ್ತ್ರ ಇದಕ್ಕಿಂತ ಚೊಕ್ಕಟವಾಗಿ ಯಾವ ಗೋಷ್ಠಿಯಲ್ಲೂ ಮಂಡನೆಯಾಗಿಲ್ಲ.

ಬಾಡುವ ಹೂವನ್ನು ನಂಬಿದವರ ಕಥೆ ಇಲ್ಲಿ ಬರೆಯಬಾರದೆಂದಿದ್ದೆ, ಪ್ರಬಂಧದ ವ್ಯಾಪ್ತಿಗೆ ಹೊರಗು. 2020ರ ಮಾರ್ಚ್ 25 ಯುಗಾದಿ. ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹಬ್ಬಕ್ಕೆಂದು ಬೆಳೆದ ಸೇವಂತಿಗೆ, ಚೆಂಡುಹೂ, ಪಾಲಿಹೌಸಿನ ಗುಲಾಬಿ ಎಲ್ಲ ಕುಯ್ಯುವವರಿಲ್ಲದೆ ನಿಂತವು. ಕುಯ್ದದ್ದು ತಿಪ್ಪೆಗೆ ಹೋಯಿತು, ಕುಯ್ಯದ್ದರ ಮೇಲೆ ಟ್ರ್ಯಾಕ್ಟರು ಹರಿಯಿತು. ಮೇ ತಿಂಗಳಲ್ಲಿ ಸರ್ಕಾರ ಹೂಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು, ಅದೂ ಒಂದು ಹೆಕ್ಟೇರಿಗೆ ಮಾತ್ರ. ಮನೆಯೊಳಗೆ ಕೂತವರಿಗೆ ಕುಂಡದ ಗಿಡದ ಹುಚ್ಚು ಹತ್ತಿದ್ದು ಅದೇ ತಿಂಗಳುಗಳಲ್ಲಿ. ಎರಡು ಎಲೆ, ಒಂದು ಗೆಣ್ಣಿನ ತುಂಡಿಗೆ ಹರಾಜು ಕೂಗಿದರು. ಅರ್ಧ ಗಂಟೆ ದೂರದಲ್ಲಿ ಒಂದೂರಿಗೆ ಒಂದೂರು ಘಮಘಮಿಸುತ್ತ ಕೊಳೆಯುತ್ತಿತ್ತು. ಒಬ್ಬರಾದರೂ ಕಾರು ನಿಲ್ಲಿಸಿ ಒಂದು ಮಾರು ಹೂ ಕೇಳಿದ್ದರೆ? ಕೇಳಲು ಹೊರಗೆ ಬಿಡುತ್ತಿರಲಿಲ್ಲ, ಸರಿ. ಆಮೇಲೆ ಬಿಟ್ಟರಲ್ಲ. ಆಮೇಲೂ ಕೇಳಲಿಲ್ಲ. ಆಮೇಲೆ ಘಟ್ಟದ ಮರದ ತೊಗಟೆಯಿಂದ ಕಾಡುಹೋಯಾ ಕಿತ್ತು 'ಅಪರೂಪದ್ದು' ಎಂದು ಮಾರುವವರು ಹುಟ್ಟಿಕೊಂಡರು. ಕಿತ್ತು ತಂದರೆ ಉಳಿದದ್ದೂ ಅಪರೂಪವಾಗದೆ ಏನಾದೀತು?

ಅಧ್ಯಾಯ 6: ಶಿಫಾರಸುಗಳು

ಪರೀಕ್ಷಕರು ಬಯಸುವ ಕಾರಣ ಕೆಲವು. ಸಾದಾ ಕಾರ್ನೋಸ ಒಂದು ಸಾಕು. ಬೇರೆ ಬೇಕೆಂದರೆ ಲವಂಗ ಚಕ್ಕೆಯಂತೆ ಘಮಿಸುವ ಲಾಕುನೋಸ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಪುಡಿ ಸೇರಿಸಿದ ಇಕ್ಕಟ್ಟು ಕುಂಡ, ಬೆಳಗಿನ ಬಿಸಿಲು. ಎಲೆಯಿಲ್ಲದ ಉದ್ದನೆ ಕುಡಿ ಗಾಳಿಯಲ್ಲಿ ಹಾವಿನಂತೆ ತಡಕಾಡುತ್ತದೆ, ಒಣಗಿದೆಯೆಂದು ಕತ್ತರಿಸಬೇಡಿ. ಎಲೆ ಆಮೇಲೆ ಬರುತ್ತದೆ. ಹೂ ಉದುರಿದ ಮೇಲೆ ಉಳಿಯುವ ಮೊಂಡು ತೊಟ್ಟನ್ನಂತೂ ಮುಟ್ಟಲೇಬೇಡಿ. ಮುಂದಿನ ಸಲದ ಗೊಂಚಲು ಅದೇ ತೊಟ್ಟಿನಲ್ಲಿ. ಬಿಳಿ ಹಿಟ್ಟು ತಿಗಣೆ ಬಂದರೆ ಬೇವಿನೆಣ್ಣೆ. ಹೂವಿಗೆ ಎರಡು ಮೂರು ವರ್ಷವೂ ಹಿಡಿದೀತು. ಬಳ್ಳಿ ಉದ್ದವಾದಾಗ ತುಂಡು ಕೇಳಿದವರಿಗೆ ಬಿಟ್ಟಿ ಕೊಡಿ, ದರ ಬೀಳಲಿ.

ಪ್ರಶ್ನೋತ್ತರಕ್ಕೆ ಸಮಯವಿಲ್ಲ. ಊಟ ಆರುತ್ತಿದೆ ಎಂದು ಸಂಘಟಕರು ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದಾರೆ.